ಅಸ್ಮಿತೆ

ಸಂಸ್ಕೃತದ ‘ಅಸ್ಮಿ’ ಎಂಬ ಕ್ರಿಯಾಪದಕ್ಕೆ ‘ಇದ್ದೇನೆ’ ಎಂದರ್ಥ. ಅದಕ್ಕೆ ಭಾವವಾಚಕ ‘ತಾ’ ಪ್ರತ್ಯಯ ಸೇರಿ ‘ಅಸ್ಮಿತಾ’ ಆಯಿತು. ಕನ್ನಡದಲ್ಲಿ ಅದು ಅಸ್ಮಿತೆ. ಕ್ರಿಯಾಪದವೊಂದು ಹೀಗೆ ನಾಮಪದದ ಬುಡವಾಗುವುದು ಅಪರೂಪ.

ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲಿ ಇದು ಐದು ಕ್ಲೇಶಗಳಲ್ಲಿ ಒಂದು. ಅವಿದ್ಯೆಯ ನಂತರ, ರಾಗ, ದ್ವೇಷ, ಅಭಿನಿವೇಶಗಳಿಗೆ ಮೊದಲು ಇದರ ಹೆಸರು ಬರುತ್ತದೆ. ನೋಡುವ ಚೈತನ್ಯವನ್ನೂ ನೋಟದ ಸಾಧನವಾದ ಬುದ್ಧಿಯನ್ನೂ ಒಂದೇ ಎಂದು ಬಗೆಯುವ ಭ್ರಮೆಯೇ ಅಲ್ಲಿ ಅಸ್ಮಿತೆ. ಸಾಧಕನು ಅದನ್ನು ಕಳೆದುಕೊಳ್ಳಬೇಕು. ಇಂದು ‘ತನ್ನತನ’ ಎಂಬ ಅರ್ಥದಲ್ಲಿ ಜನ ಅದನ್ನೇ ಉಳಿಸಿಕೊಳ್ಳಲು ಹೋರಾಡುತ್ತಾರೆ. ಒಂದು ಪದದ ಬಾಳಿನಲ್ಲಿ ಇದಕ್ಕಿಂತ ದೊಡ್ಡ ತಿರುವು ಸಿಗುವುದು ಕಷ್ಟ.

ಈ ತಿರುವಿನಲ್ಲಿ ಗುಜರಾತಿಗೆ ಮುಖ್ಯ ಪಾತ್ರವಿದೆ. 20ನೇ ಶತಮಾನದ ಪೂರ್ವಾರ್ಧದಲ್ಲಿ ಗುಜರಾತಿ ಲೇಖಕ ಕೆ. ಎಂ. ಮುನ್ಶಿ ಅವರು ಗುಜರಾತಿನ ಅಸ್ಮಿತೆ ಎಂಬ ಕಲ್ಪನೆಯನ್ನು ಜನಪ್ರಿಯಗೊಳಿಸಿದರು. ಒಂದು ನಾಡು ತನ್ನನ್ನು ತಾನು ಅರಿಯುವ ಬಗೆಗೆ ಪದ ಒದಗಿತು.

ಕನ್ನಡದಲ್ಲಿ ಭಾಷಿಕ ಅಸ್ಮಿತೆ, ದಲಿತ ಅಸ್ಮಿತೆ, ಸ್ತ್ರೀ ಅಸ್ಮಿತೆ ಎಂಬ ಪ್ರಯೋಗಗಳು ವಿಮರ್ಶೆಯಲ್ಲೂ ಪತ್ರಿಕೆಗಳಲ್ಲೂ ನೆಲೆಯೂರಿವೆ. ‘ಅಸ್ಮಿತೆಗಳು’ ಎಂಬ ಬಹುವಚನವೂ ಬಂದಿದೆ, ಅದು ಬೇಕಾದದ್ದೇ: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ಮಂಗಳೂರಿನವರಿಗೆ ಏಕವಚನ ಸಾಲದು. ‘ಅನನ್ಯತೆ’ಯನ್ನೂ ಇದೇ ಅರ್ಥದಲ್ಲಿ ಬಳಸುವುದುಂಟು, ಆದರೆ ಅದರ ಒತ್ತು ಬೇರೆಲ್ಲೂ ಇಲ್ಲದಿರುವುದರ ಮೇಲೆ. ‘ಗುರುತು’ ಹೊರಗಿನವರಿಗೆ ಕಾಣುವಂಥದ್ದು. ಹಾಗಾಗಿಯೇ ಮತದಾರರ ಕೈಯಲ್ಲಿರುವುದು ಗುರುತಿನ ಚೀಟಿ.