ಕೊಲೆಯಾದವರ ಹೆಸರು: ಹಳೆಯ ಭಯಚಿತ್ರಗಳ ಪ್ರಾತಿನಿಧ್ಯ ಮತ್ತು ಜಾನಪದ ಸ್ಮೃತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಸೀಮೆಯ ಊರುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳು ಅಪರೂಪವಲ್ಲ. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಪಯಣ, ಮೇಲೆ ಶಿವಸಾನ್ನಿಧ್ಯ ಇರುತ್ತವೆ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳು ಮೇಲೆತ್ತಿ ನಿಂತಿರುತ್ತದೆ. ಹಿಂಸೆಯಲ್ಲಿ ಮಡಿದವರನ್ನು ಊರು ಮರೆಯಲಾಗದು ಎಂಬುದು ಇವುಗಳ ಹಿಂದಿನ ತಿಳಿವಳಿಕೆ. ಇದನ್ನೇ ಒರೆಗಲ್ಲಾಗಿಟ್ಟುಕೊಂಡು, ಕೊಲೆಯನ್ನೇ ವಸ್ತುವಾಗಿಸಿಕೊಂಡ ಹಳೆಯ ಭಯಚಿತ್ರಗಳು ಯಾರನ್ನು ನೆನೆದವು, ಯಾರನ್ನು ಮರೆತವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದಲ್ಲಿ ‘ಸೈಕೋ’ (1960), ‘ಹ್ಯಾಲೋವೀನ್’ (1978), ‘ಫ್ರೈಡೇ ದ ಥರ್ಟೀನ್ತ್’ (1980) ಚಿತ್ರಗಳು ಈ ಪ್ರಕಾರಕ್ಕೆ ರೂಪ ಕೊಟ್ಟವು. ಕೊನೆಗೆ ಬದುಕುಳಿಯುವ ಹುಡುಗಿಯ ಪಾತ್ರವನ್ನು ಕರೋಲ್ ಕ್ಲೋವರ್ 1987ರ ಪ್ರಬಂಧದಲ್ಲಿ ವಿಶ್ಲೇಷಿಸಿದರು. ಆ ಹುಡುಗಿ ಬಹುತೇಕ ಬಿಳಿಯಳು. ಇದಕ್ಕೂ ಮುನ್ನ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ನಲ್ಲಿ ಕರಿಯ ನಟ ಡ್ವೇನ್ ಜೋನ್ಸ್ ನಾಯಕನಾಗಿದ್ದರು. ಆ ನಾಯಕ ಇರುಳಿಡೀ ಹೋರಾಡಿ ಉಳಿಯುತ್ತಾನೆ. ಬೆಳಗಾದಾಗ ರಕ್ಷಣೆಗೆ ಬಂದವರ ಗುಂಡಿಗೇ ಬಲಿಯಾಗುತ್ತಾನೆ.

ಕನ್ನಡದ ದಾರಿ ಬೇರೆ. ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ಹೆಣ್ಣಿನ ಪ್ರೇತ ಗಂಡಿನ ಮೈಯನ್ನು ಹೊಗುತ್ತದೆ; ಬಿಡುಗಡೆ ದೊರೆಯುವುದು ಮಂತ್ರಾಲಯದ ರಾಯರ ಕೃಪೆಯಿಂದ. ಸುನೀಲ್ ಕುಮಾರ್ ದೇಸಾಯಿ ಅವರ ‘ತರ್ಕ’ (1989) ದೆವ್ವವನ್ನು ಬಿಟ್ಟು ಕೊಲೆಯ ಕುತೂಹಲವನ್ನು ಹಿಡಿಯಿತು. ಉಪೇಂದ್ರ ನಿರ್ದೇಶನದ ‘ಶ್!’ (1993) ಚಿತ್ರೀಕರಣಕ್ಕೆ ಹೋದ ತಂಡದ ಸುತ್ತ ಕೊಲೆಗಳನ್ನು ಹೆಣೆಯಿತು. ‘ಆಪ್ತಮಿತ್ರ’ (2004) ಮಲಯಾಳದ ‘ಮಣಿಚಿತ್ರತ್ತಾಳ್’ (1993) ಆಧರಿಸಿದ್ದು, ಅದರ ನಾಗವಲ್ಲಿ ಅರಮನೆಯ ಕ್ರೌರ್ಯಕ್ಕೆ ಸಿಕ್ಕ ತೆಲುಗು ನುಡಿಯ ನರ್ತಕಿ. ಭಯ ಹುಟ್ಟಿಸುವವಳು ಹೆಣ್ಣು, ಪರನುಡಿಯವಳು, ಕುಣಿದು ಬದುಕುವವಳು ಎಂಬುದು ಗಮನಾರ್ಹ. ಆಕೆಯ ಸೇಡು ತೀರುವುದು ರಾಜನ ಪ್ರತಿಕೃತಿಯ ಮೇಲೆ. ಅನ್ಯಾಯದ ವಿಚಾರಣೆ ನಡೆಯುವುದಿಲ್ಲ.

ಈ ಪ್ರತಿಕೃತಿಯ ತಂತ್ರ ಜಾನಪದಕ್ಕೆ ಹೊಸದಲ್ಲ. ಪ್ರಚಲಿತ ಮಾರಿಯ ಕಥೆಯಲ್ಲಿ ಜಾತಿ ಮರೆಮಾಚಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾದ ಕೆಳಜಾತಿಯವನೇ ಕೋಣನಾಗುತ್ತಾನೆ. ಕೋಣನ ಬಲಿ ಅದರ ಮರುನಟನೆ. ಆದ್ದರಿಂದ ಜಾನಪದವೂ ನಿರ್ದೋಷಿಯೆನ್ನಲಾಗದು. ಹೆಣ್ಣಿಗೆ ದೈವತ್ವ ಕೊಟ್ಟ ಕಥೆಯೇ ಆಕೆಯ ಗಂಡನಿಗೆ ಮರಣವನ್ನು ವಿಧಿಸಿದೆ. ಆದರೂ ಒಂದು ವ್ಯತ್ಯಾಸವಿದೆ: ಜಾತ್ರೆಯಲ್ಲಿ ಕೋಣ ಯಾರೆಂಬುದನ್ನು ಕಥೆ ಹೇಳುತ್ತದೆ, ಆದ್ದರಿಂದ ಅದನ್ನು ಪ್ರಶ್ನಿಸಬಹುದು. ಚಿತ್ರದಲ್ಲಿ ಮೊದಲು ಸಾಯುವ ಆಳಿಗೆ ಅನೇಕ ವೇಳೆ ಹೆಸರೇ ಇರುವುದಿಲ್ಲ.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಚಿತ್ರದುರ್ಗದಿಂದಲೂ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಬಂದವು. ನ್ಯಾಮತಿ ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟಿತು. ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಸಂತೇಬೆನ್ನೂರಿನ ಪುಷ್ಕರಿಣಿಯ ದಡದಲ್ಲಿ ಮುಸಾಫಿರ್‌ಖಾನೆ ನಿಂತಿದೆ. ಇಷ್ಟು ಬಗೆಯ ಜನ ಬಾಳುವ ನಾಡಿನ ವೈವಿಧ್ಯ ಮೇಲಿನ ಚಿತ್ರಗಳ ಬಂಗಲೆ, ಅರಮನೆಗಳೊಳಗೆ ಪ್ರವೇಶ ಪಡೆಯಲಿಲ್ಲ. ತೆರೆಯ ಮುಂದೆ ಮಾತ್ರ ಇವರೆಲ್ಲರೂ ಕುಳಿತಿದ್ದರು.

ಹಾಗೆ ಕುಳಿತವರು ಯಾರಿಗಾಗಿ ಮರುಗಿದರು, ಯಾರಿಗೆ ಹೆದರಿದರು ಎಂಬುದು ಲಿಖಿತ ಚರಿತ್ರೆಯಲ್ಲಿ ಸಿಗುವಂಥದ್ದಲ್ಲ. ಟೂರಿಂಗ್ ಟಾಕೀಸಿನ ಕಾಲದ ಪ್ರೇಕ್ಷಕರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಕ್ಷೇತ್ರಕಾರ್ಯದಲ್ಲಿ ದೆವ್ವದ ಕಥೆಗಳನ್ನು ಸಂಗ್ರಹಿಸುವ ಸಂಶೋಧಕರು ಅವರ ಸಿನಿಮಾ ನೆನಪುಗಳನ್ನೂ ಬರೆದುಕೊಳ್ಳಬೇಕು. ಹೆಸರಿಲ್ಲದೆ ಸತ್ತ ಪಾತ್ರಗಳಿಗೆ ಅದೇ ಕಲ್ಲು.