ಬಾಣಂತಿಯ ನಡುಕಟ್ಟು

ಬೀರೂರಿನಿಂದ ಶಿವಮೊಗ್ಗೆಗೆ ರೈಲುಹಾದಿ ತೆರೆದ 1899ನೆಯ ಇಸವಿಯಲ್ಲಿಯೇ, ಸಮುದ್ರಗಳಾಚೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ, ಹೋವರ್ಡ್ ಕೆಲ್ಲಿ ಎಂಬ ಸ್ತ್ರೀರೋಗತಜ್ಞನು ಸ್ತ್ರೀಯೊಬ್ಬಳ ಜೋತುಬಿದ್ದ ಉದರದ ಚರ್ಮವನ್ನೂ ಮೇದಸ್ಸನ್ನೂ ಕೊಯ್ದು ತೆಗೆದು ಹೊಲಿದನು. ಇಂದು ಟಮ್ಮಿ ಟಕ್ ಎಂದು ಕರೆಯಲ್ಪಡುವ ಸೌಂದರ್ಯಚಿಕಿತ್ಸೆಯ ಪೂರ್ವಜನ್ಮ ಅದು. ನಮ್ಮೂರಿನ ತೆಂಗು ಅಡಕೆಗಳ ನಡುವೆ ಬದುಕಿದ ಹೆಂಗಸರಿಗೆ ಇಂಥ ಕತ್ತರಿಯ ಸುದ್ದಿ ತಿಳಿಯದು. ಆದರೆ ಹೆರಿಗೆಯಿಂದ ಸಡಿಲಗೊಂಡ ಹೊಟ್ಟೆಯನ್ನು ಹಾಗೆಯೇ ಬಿಡಬಾರದೆಂಬ ಅರಿವು ಅವರಲ್ಲಿ ಅತಿ ಪ್ರಾಚೀನವಾದುದು. ಪ್ರಸವಾನಂತರ ಉದರಕ್ಕೆ ಸ್ನೇಹದ್ರವ್ಯವನ್ನು ಲೇಪಿಸಿ, ಅಗಲವಾದ ವಸ್ತ್ರದಿಂದ ಸುತ್ತಬೇಕು, ಹಾಗೆ ಮಾಡಿದರೆ ಅವಕಾಶವಿಲ್ಲದ ವಾಯುವು ಅಲ್ಲಿ ವಿಕಾರವನ್ನುಂಟುಮಾಡದು ಎಂದು ಚರಕಸಂಹಿತೆಯ ಶಾರೀರಸ್ಥಾನವೇ ವಿಧಿಸಿದೆ.

ನನ್ನ ಅಜ್ಜಿಯವರು ಕಟ್ಟುತ್ತಿದ್ದ ಬಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಒಗೆದೊಗೆದು ಮೆತ್ತಗಾದ ಹಳೆಯ ಪಂಚೆಯನ್ನು ಉದ್ದಕ್ಕೆ ಸೀಳಿ, ಗೇಣಗಲ ಮಡಿಸಿ, ಎಣ್ಣೆನೀರು ಮುಗಿಸಿ ಅಂಗಾತ ಮಲಗಿದ ಬಾಣಂತಿಯು ಉಸಿರು ಬಿಟ್ಟ ಕ್ಷಣದಲ್ಲಿ ಹೊಕ್ಕುಳ ಕೆಳಗಿನಿಂದ ಮೇಲಕ್ಕೆ ಸುತ್ತುತ್ತ ಬಂದು, ತುದಿಯನ್ನು ಪಕ್ಕೆಗೆ ಸಿಕ್ಕಿಸಿ, ಒಳಗೆ ಎರಡು ಬೆರಳು ಆಡುವಷ್ಟು ಸಡಿಲವಿದೆಯೇ ಎಂದು ನೋಡುತ್ತಿದ್ದರು. ಅತಿಯಾಗಿ ಬಿಗಿದರೆ ಭಾರವೆಲ್ಲ ಕೆಳಗಿಳಿಯುವುದೆಂದು ಅವರಿಗೆ ಗೊತ್ತಿತ್ತು. ಮೂರು ತಿಂಗಳು ಬಾವಿಯ ಕೊಡ ಎತ್ತಕೂಡದೆಂಬ ಕಟ್ಟಳೆಯನ್ನು ಮಾತ್ರ ಅತ್ತೆಯಂದಿರೆಲ್ಲರೂ ಪಾಲಿಸಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಗರ್ಭವು ಬೆಳೆದಂತೆ ಉದರದ ಮಧ್ಯದ ಎರಡು ಸ್ನಾಯುಪಟ್ಟಿಗಳು ಅಗಲುತ್ತವೆ. ಕೆಲವರಲ್ಲಿ ಅವು ಮತ್ತೆ ಕೂಡುವುದೇ ಇಲ್ಲ. ಕೆಮ್ಮಿದಾಗ, ಸೀನಿದಾಗ, ಭಾರವೆತ್ತಿದಾಗ ಮೂತ್ರ ಸೋರುವ ಬಾಧೆಯೂ ಅಂಥವರಲ್ಲಿ ಅನೇಕರಿಗುಂಟು. ಅದೇ ಕೆಲ್ಲಿಯು 1914ರಲ್ಲಿ ಮೂತ್ರಾಶಯದ ಕೊರಳ ಬಳಿಯ ಅಂಗಾಂಶವನ್ನು ಮಡಿಸಿ ಹೊಲಿಯುವ ಚಿಕಿತ್ಸೆಯನ್ನು ಈ ಬಾಧೆಗಾಗಿ ಪ್ರಕಟಿಸಿದನು. ಒಂದೇ ಕೈಯ ಈ ಎರಡು ಹೊಲಿಗೆಗಳಿಗೂ ನಂಟಿರಬಹುದೆಂಬ ಸಂಗತಿಗೆ ಎಣಿಕೆಯ ಬೆಂಬಲ ದೊರೆತುದು 2018ರಲ್ಲಿ, ಆಸ್ಟ್ರೇಲಿಯದ ಒಂಬತ್ತು ಕೇಂದ್ರಗಳಲ್ಲಿ ಅಗಲಿದ ಸ್ನಾಯುಗಳನ್ನೂ ಕೂಡಿಸಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 214 ಮಂದಿ ಸ್ತ್ರೀಯರನ್ನು ವಿಚಾರಿಸಿದಾಗ. ಮುಂಚೆ ಶೇಕಡಾ 42.5ರಷ್ಟು ಮಂದಿಯನ್ನು ಕಾಡುತ್ತಿದ್ದ ಸೋರಿಕೆ ಆರು ತಿಂಗಳ ತರುವಾಯ ಶೇಕಡಾ 1.6ಕ್ಕೆ ಇಳಿದಿತ್ತು, ಬೆನ್ನುನೋವೂ ಬಹುವಾಗಿ ತಗ್ಗಿತ್ತು. ಚಿಕಿತ್ಸೆ ಪಡೆಯದವರೊಡನೆ ಹೋಲಿಸಿ ನೋಡಿದ ಲೆಕ್ಕವಲ್ಲವಾದುದರಿಂದ, ಕೇವಲ ಮೂತ್ರಬಾಧೆಗಾಗಿ ಯಾರೂ ಈ ಕತ್ತರಿಗೆ ಮೈಯೊಡ್ಡತಕ್ಕುದಲ್ಲ. ಅಮೆರಿಕದ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದ, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವೇ ಇಂದಿಗೂ ಮೊದಲ ಮದ್ದು. ಅಜ್ಜಿಯ ಪಂಚೆಯೂ ಅಗಲಿದ ಸ್ನಾಯುವನ್ನು ಹೊಲಿಯಲಾರದು. ಎದ್ದು ಓಡಾಡುವ ಹಸಿಬಾಣಂತಿಗೆ ಅದು ಆಸರೆ ಮಾತ್ರ.

ಆದರೆ ಆಸ್ಟ್ರೇಲಿಯದ ಆ ವೈದ್ಯರು ಪ್ರಶ್ನಾವಳಿಯಲ್ಲಿ ಅಚ್ಚುಹಾಕಿಸಿ ಕೇಳಿದುದನ್ನು ಅಜ್ಜಿಯವರು ಬಾಣಂತಿಯ ಕೋಣೆಯ ಸಾಂಬ್ರಾಣಿ ಹೊಗೆಯಲ್ಲಿ, ನಡುಕಟ್ಟಿನ ಕೊನೆಯ ಸುತ್ತು ಹಾಕುತ್ತ, ದನಿ ತಗ್ಗಿಸಿ ಕೇಳುತ್ತಿದ್ದರು: “ಕೆಮ್ಮಿದ್ರೆ ಸೀರೆ ಒದ್ದೆ ಆಗುತ್ತೇನೇ, ತಾಯಿ?” ಬಾಗಿಲ ಕಡೆಗೊಮ್ಮೆ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬಾಣಂತಿಯು ತಲೆಯಾಡಿಸುತ್ತಿದ್ದುದು.