ಗ್ರೌಂಡ್‌ಹಾಗ್ ದಿನದ ಮೂಲ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಂಕ್ಸಟಾನಿ ಎಂಬ ಪಟ್ಟಣದಲ್ಲಿ ಪ್ರತಿವರ್ಷವೂ ಫೆಬ್ರವರಿ 2ರ ಮುಂಜಾನೆ ಜನರು ನೆರೆದು, ಅಳಿಲಿನ ಕುಟುಂಬಕ್ಕೆ ಸೇರಿದ ಗ್ರೌಂಡ್‌ಹಾಗ್ ಎಂಬ ಬಿಲವಾಸಿ ಪ್ರಾಣಿಯಿಂದ ವಸಂತದ ವಾರ್ತೆಯನ್ನು ಕೇಳುತ್ತಾರೆ. ಅದು ತನ್ನ ನೆರಳನ್ನು ಕಂಡರೆ ಚಳಿಗಾಲವು ಇನ್ನೂ 6 ವಾರ ಉಳಿಯುವುದು; ಕಾಣದಿದ್ದರೆ ವಸಂತವು ಬೇಗನೆ ಬರುವುದು ಎಂಬುದು ನಂಬಿಕೆ. ಇದನ್ನು ಬರಿಯ ವಿನೋದವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಇತಿಹಾಸವು ನಮ್ಮ ವಿಚಾರಕ್ಕೆ ಅರ್ಹವಾದುದು.

ಈ ನಂಬಿಕೆಯ ಮೂಲವು ಯೂರೋಪಿನದು. ಫೆಬ್ರವರಿ 2 ಕ್ರೈಸ್ತರ ಕ್ಯಾಂಡಲ್‌ಮಸ್ ಹಬ್ಬದ ದಿನ. ಅಂದು ಬಿಸಿಲು ಕಾಣಿಸಿಕೊಂಡರೆ ಚಳಿಯು ಮುಂದುವರಿಯುವುದೆಂಬ ಮಾತು ಅಲ್ಲಿ ರೂಢಿಯಲ್ಲಿತ್ತು. ಜರ್ಮನ್ ಭಾಷಿಕರು ಇದಕ್ಕೆ ಬ್ಯಾಜರ್ ಎಂಬ ಪ್ರಾಣಿಯ ನೆರಳನ್ನು ಸೇರಿಸಿದರು. ಅವರು ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಮೇಲೆ ಆ ಸ್ಥಾನವು ಗ್ರೌಂಡ್‌ಹಾಗಿಗೆ ಸಂದಿತು. 1886ರಲ್ಲಿ ಪಂಕ್ಸಟಾನಿಯ ಪತ್ರಿಕೆಯು ಈ ದಿನದ ಸುದ್ದಿಯನ್ನು ಅಚ್ಚುಮಾಡಿತು. 1887ರಲ್ಲಿ ಗಾಬ್ಲರ್ಸ್ ನಾಬ್ ಎಂಬ ಗುಡ್ಡಕ್ಕೆ ಮೊದಲ ಯಾತ್ರೆ ನಡೆಯಿತು.

ಇನ್ನು ಭವಿಷ್ಯವಾಣಿಯ ಮಾತು. ಫೆಬ್ರವರಿ 2ರಿಂದ ಮಾರ್ಚ್ 20ರ ಸುಮಾರಿಗೆ ಬರುವ ವಿಷುವದಿನಕ್ಕೆ ಹೆಚ್ಚುಕಡಿಮೆ 6 ವಾರಗಳೇ ಇರುವುದರಿಂದ, ನೆರಳು ಕಂಡರೂ ಕಾಣದಿದ್ದರೂ ಪಂಚಾಂಗದ ವಸಂತವು ಆಗಲೇ ಬರತಕ್ಕದ್ದು.

ದಿನವೂ ನೆರಳೂ ಹಳೆಯವು. ಪ್ರಾಣಿಯು ವಲಸೆಯ ಫಲ. ಗುಡ್ಡದ ಉತ್ಸವವು ಪತ್ರಿಕಾಯುಗದ್ದು. ಪ್ರಾಚೀನವೆಂದು ತೋರುವ ಆಚರಣೆಯಲ್ಲಿ ಇಂತಹ ಪದರಗಳನ್ನು ಬೇರ್ಪಡಿಸಿ ನೋಡದೆ ಅದರ ಕಾಲವನ್ನು ನಿರ್ಣಯಿಸಲಾಗದೆಂದು ನಾವು ಭಾವಿಸುತ್ತೇವೆ.